ಅತ್ತೆಯ ಕಿತ್ತಳೆಗೆ ಅಳಿಯನ ಗರಗಸ

ನಮ್ಮ ಪಕ್ಕದ ಮನೆಯ ಟೈಲರ್‌ಗೆ ಬೀದಿಯವರು ಇಟ್ಟ ಹೆಸರು ‘ಅರ್ಧ ಇಂಚು’. ಬೇರೆಯವರು ಹೊಲಿದ ಯಾವ ಬಟ್ಟೆ ಕಂಡರೂ ಅದರಲ್ಲಿ ಅರ್ಧ ಇಂಚಿನ ತಪ್ಪು ಹುಡುಕದೆ ಅವನಿಗೆ ನೆಮ್ಮದಿಯಿಲ್ಲ. ಒಮ್ಮೆ ನನ್ನ ಹಲ್ಲು ಕೀಳಿಸಲು ಜೊತೆಗೆ ಬಂದವನು, ಡಾಕ್ಟರ ಕೋಟಿನ ಎಡತೋಳು ಗಿಡ್ಡವೆಂದು ಹೇಳಿಯೇಬಿಟ್ಟ. ಡಾಕ್ಟರು ಇಕ್ಕಳವನ್ನು ನನ್ನ ಬಾಯಲ್ಲೇ ಬಿಟ್ಟು ತೋಳು ನೋಡಿಕೊಂಡರು.

ಇಂಥವನು ಹೆದರುವುದು ಮನೆಯಲ್ಲೇ ಇರುವ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ ಮಾತ್ರ. ಎಪ್ಪತ್ತನಾಲ್ಕರ ಆ ಅಜ್ಜಿಗೆ ಹಿತ್ತಲಿನ ಕಿತ್ತಳೆ ಗಿಡವೆಂದರೆ ಪ್ರಾಣ. ಹಣ್ಣಾದಾಗ ಬೀದಿಯ ಎಲ್ಲ ಮನೆಗೂ ಕಳಿಸುತ್ತಾರೆ, ಜಗಳವಾಡಿದ ಮನೆಗೂ. ಅಲ್ಲಿಗೆ ಹೋಗುವುದು ಮಾತ್ರ ಸ್ವಲ್ಪ ಹುಳಿ. ಎರಡು ವರ್ಷದಿಂದ ಮಂಡಿನೋವೆಂದು ಅವರು ಹಿತ್ತಲಿಗೆ ಇಳಿದಿರಲಿಲ್ಲ. ಗಿಡ ಕಾಡುಬಿದ್ದು, ಒಂದು ಕೊಂಬೆ ಬಚ್ಚಲ ಕಿಟಕಿಯಿಂದ ಒಳಕ್ಕೇ ಬಂದಿತ್ತು.

ಅಜ್ಜಿ ಚಿಕ್ಕ ಮಗಳ ಮನೆಯಲ್ಲಿ ಎಂಟು ದಿನ ಇದ್ದು ವಾಪಸಾಗುವ ದಿನ, ಬೆಳಿಗ್ಗೆಯೇ ಟೈಲರ್ ನನ್ನನ್ನು ಏಣಿ ಹಿಡಿಯಲು ಕರೆದ.

“ಅತ್ತೆ ಬರೋಷ್ಟರಲ್ಲಿ ಗಿಡಾನ ಇಸ್ತ್ರಿ ಮಾಡಿದ ಹಾಗೆ ಮಾಡಿಡ್ತೀನಿ.”

“ಗಿಡದ ಕೆಲಸ ಗೊತ್ತಿರೋರನ್ನ ಕರೀರಿ ಅಂದೆ,” ಎಂದಳು ಅವನ ಹೆಂಡತಿ.

“ಮೂವತ್ತು ವರ್ಷ ಕತ್ತರಿ ಹಿಡಿದೋನು ಕಣೇ ನಾನು. ಕತ್ತರಿಸೋಕೆ ಇನ್ನೊಬ್ಬನ್ನ ಕರೀಬೇಕಾ?”

“ಪ್ಯಾಂಟ್ ಕೆಟ್ರೆ ಚಡ್ಡಿ ಮಾಡ್ತೀರಿ. ಗಿಡ ಕೆಟ್ರೆ ಏನ್ ಮಾಡ್ತೀರಿ?”

ಅವನು ಕಿವಿಯ ಮೇಲಿನ ಚಾಕ್ ತೆಗೆದ.

ಗಿಡದ ಬುಡದಲ್ಲಿ, ನೆಲದಿಂದ ಗೇಣೆತ್ತರಕ್ಕೆ ಒಂದು ಗಂಟಿತ್ತು. ಗಂಟಿನ ಮೇಲಿಂದ ಹೊರಟದ್ದು ಸೊಟ್ಟ ಕಾಂಡ. ಗಂಟಿನ ಕೆಳಗಿಂದ ಎದ್ದದ್ದು ನೆಟ್ಟನೆಯದು, ಹಚ್ಚಹಸಿರು, ಮೈತುಂಬ ಮುಳ್ಳು.

“ಈ ಗಂಟು ನೋಡು, ಯಾರೋ ಕೆಲಸ ಬಾರದೋನು ಹಾಕಿದ ಹೊಲಿಗೆ ಇದ್ದಂಗಿದೆ,” ಎಂದು ಸೊಟ್ಟದಕ್ಕೆ ಗಂಟಿನ ಸಮೇತ ಗೆರೆ ಎಳೆದ.

“ಕಾಯೆಲ್ಲ ಸೊಟ್ಟದರಲ್ಲೇ ಇದೆಯಲ್ಲೋ?” ಎಂದೆ.

“ಅದಕ್ಕೇ ಸುಸ್ತಾಗಿದೆ. ಇನ್ಮೇಲೆ ಈ ನೆಟ್ಟಗಿರೋದು ಕಾಯಿ ಬಿಡುತ್ತೆ. ಎಳೇ ವಯಸ್ಸು ನೋಡು ಇದರದ್ದು!”

ನಾನೂ ತಲೆಯಾಡಿಸಿದೆ. ಏಣಿ ಹಿಡಿದವನಿಗೂ ತಾನು ತಜ್ಞನೆಂಬ ಭ್ರಮೆ ಬರುತ್ತದೆ. ಮೇಲಿನಿಂದ ಒಂದೊಂದೇ ಕೊಂಬೆ ಇಳಿಸಿ, ಕೊನೆಗೆ ಬುಡದ ಗಂಟನ್ನೂ ಕೊಯ್ದು ಹಾಕಿದೆವು. ಕಂಬದಂಥ ಗಿಡ ಒಂಟಿಯಾಗಿ ನಿಂತಿತು.

ಮಧ್ಯಾಹ್ನ ಆಟೋ ಇಳಿದ ಅಜ್ಜಿಯನ್ನು ಅಳಿಯ ನೀರೂ ಕುಡಿಯಗೊಡದೆ ಹಿತ್ತಲಿಗೆ ಕರೆತಂದ. ಹೊಸ ಸೂಟು ತೊಡಿಸಿದ ಗಿರಾಕಿಯನ್ನು ಕನ್ನಡಿಯ ಮುಂದೆ ನಿಲ್ಲಿಸುವವನಂತೆ ಗಿಡದ ಕಡೆ ಕೈಚಾಚಿದ.

ಅಜ್ಜಿಯ ಕೈಯ ಕೋಲು ಬಿತ್ತು. ಕೇಳಿದರು:

“ಕಿತ್ತಳೆ ಎಲ್ಲಿ?”

“ಇದೇ ಅಲ್ವಾ ಅತ್ತೆ?”

ಅಜ್ಜಿ ಅದರ ಒಂದೆಲೆ ಕಿತ್ತು, ಹೊಸಕಿ, ಅವನ ಮೂಗಿಗೆ ಹಿಡಿದರು. “ಏನು ವಾಸನೆ?”

“ನಿಂಬೆ...”

ಕಡಿದ ರಾಶಿಯಿಂದ ಇನ್ನೊಂದು ಎಲೆ ಹೊಸಕಿದರು. “ಇದು?”

ಕಿತ್ತಳೆಯ ಪರಿಮಳ ನನ್ನವರೆಗೂ ಬಂದಿತ್ತು.

“ಕಾಡು ನಿಂಬೆ ಬೇರಿನ ಮೇಲೆ ಕಿತ್ತಳೆ ಕಡ್ಡಿ ಕೂರಿಸಿ ನಾನೇ ಕಸಿ ಕಟ್ಟಿದ್ದೆ ಕಣಪ್ಪ. ಆ ಗಂಟು ನನ್ನ ಕೈಕೆಲಸ. ನೀನು ಕಿತ್ತಳೆ ಕಡಿದು ನಿಂಬೆ ಉಳಿಸಿದ್ದೀಯ.”

ಟೈಲರ್ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದ. ಹೆಂಡತಿ ಗರಗಸವನ್ನು ಅವನ ಕೈಗೆ ಸಿಗದಂತೆ ದೂರ ಎತ್ತಿಟ್ಟಳು. ನಾನು ಆ ಏಣಿಯನ್ನು ಜನ್ಮದಲ್ಲೇ ಮುಟ್ಟದವನಂತೆ ಎರಡು ಹೆಜ್ಜೆ ಹಿಂದೆ ಸರಿದೆ.

“ಯಾವಾಗ ಕಡಿದ್ರಿ?” ಅಜ್ಜಿ ನನ್ನನ್ನೇ ಕೇಳಿದರು.

“ಈಗ... ಎರಡು ಗಂಟೆ ಆಗಿರಬಹುದು ಅಜ್ಜಿ.”

ಅವರು ಮಗಳತ್ತ ತಿರುಗಿದರು. “ಗರಗಸ ತಗೋ. ಇದನ್ನೂ ಮೊಣಕಾಲೆತ್ತರಕ್ಕೆ ಕಡಿ.”

“ಅತ್ತೆ!” ಟೈಲರ್ ಕಿರುಚಿದ. “ಇರೋದೂ ಹೋಗುತ್ತೆ!”

“ನಿನ್ನ ಸಲಹೆ ಎಂಥದ್ದು ಅಂತ ಕಣ್ಣೆದುರೇ ಇದೆ. ಸುಮ್ನಿರು.”

ಮಗಳು ಕಡಿದೇಬಿಟ್ಟಳು. ಹಿತ್ತಲು ಬೋಳಾಯಿತು. ಇಪ್ಪತ್ತು ವರ್ಷ ಕಾಣದಿದ್ದ ಹಿಂದಿನ ಬೀದಿಯ ಮಹಡಿಯಿಂದ ಯಾರೋ ನಮ್ಮನ್ನೇ ನೋಡುತ್ತಿದ್ದರು.

ಅಜ್ಜಿ ರಾಶಿಯಿಂದ ಇನ್ನೂ ಬಾಡದ, ಪೆನ್ಸಿಲ್ ದಪ್ಪದ ನಾಲ್ಕು ಕಿತ್ತಳೆ ಕಡ್ಡಿ ಆರಿಸಿ, ಎಲೆ ಸವರಿ, ತುದಿ ಚೂಪು ಮಾಡಿದರು. ಮೋಟು ಬೊಡ್ಡೆಯ ತೊಗಟೆಯನ್ನು ಅಡಿಗೆಮನೆ ಚಾಕುವಿನಿಂದ ಅಲ್ಲಲ್ಲಿ ಸೀಳಿ ಒಳಗೆ ಇಳಿಸಿದರು. ಪ್ಲಾಸ್ಟಿಕ್ ಪಟ್ಟಿ ಸುತ್ತಿ ಬಿಗಿಯಬೇಕು. ಅವರ ಬೆರಳು ನಡುಗಿತು. ಮಗಳ ಕೈ ಗರಗಸ ಎಳೆದು ಇನ್ನೂ ಜೋರಾಗಿ ನಡುಗುತ್ತಿತ್ತು.

ಟೈಲರ್ ಎದ್ದು ನಿಂತ. ಅಜ್ಜಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

“ಕತ್ತರಿ, ಚಾಕ್, ಟೇಪು ಎಲ್ಲಾ ಅಲ್ಲೇ ಇಡು. ಬರೀ ಕೈ ತಗೊಂಡು ಬಾ.”

ಅವನು ಮಂಡಿಯೂರಿ ಕಟ್ಟಿದ. ಅಷ್ಟು ಹೊತ್ತೂ ಅತ್ತೆಯ ಕೆಲಸದಲ್ಲಿ ಅರ್ಧ ಇಂಚಿನ ತಪ್ಪೂ ಹುಡುಕಲಿಲ್ಲ. ಅದೇ ಒಂದು ಆಘಾತ.

ಒಂದು ವಾರಕ್ಕೆ ಎರಡು ಕಡ್ಡಿ ಕಪ್ಪಾದವು. ಎರಡನೆಯ ವಾರ ಮೂರನೆಯದು ಹೋಯಿತು. ಇಪ್ಪತ್ತಾರನೆಯ ದಿನ ಟೈಲರ್ ಬನಿಯನ್ನಿನಲ್ಲೇ ನಮ್ಮ ಮನೆಗೆ ಓಡಿಬಂದ. ನನ್ನ ತೋಳು ಹಿಡಿದು ಎಳೆಯತೊಡಗಿದ. ಅಜ್ಜಿಗೇ ಏನೋ ಆಯಿತೆಂದು ನಾನೂ ಚಪ್ಪಲಿ ಮೆಟ್ಟದೆ ಓಡಿದೆ. ಅಜ್ಜಿ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾಲ್ಕನೆಯ ಕಡ್ಡಿಯಲ್ಲಿ ಎಳ್ಳುಕಾಳಿನಷ್ಟು ಹಸಿರು.

“ಹಣ್ಣು ಬಿಡೋಕೆ ಇನ್ನೂ ಮೂರು ವರ್ಷ,” ಎಂದರು ಅಜ್ಜಿ. “ಅಲ್ಲೀವರೆಗೂ ನಾನಿರ್ತೀನಿ. ಇವನೊಬ್ಬನ್ನೇ ಗಿಡದ ಹತ್ರ ಬಿಟ್ಟು ಹೋಗೋಕೆ ನನಗೆ ಧೈರ್ಯ ಇಲ್ಲ.”