ಬೆನ್ನಿನ ಮೇಲಿನ ಗೆರೆಗಳು

ಮೊದಲು ಬೆನ್ನಿನ ಮೇಲೆ ಎದ್ದದ್ದು ಗಜಕರ್ಣದಂಥ ಕೆಂಪು ಮಚ್ಚೆ. ನ್ಯಾಮತಿಯ ನಾಟಿ ವೈದ್ಯರ ಲೇಪಕ್ಕೆ ಅದು ಜಗ್ಗಲಿಲ್ಲ. ಮಚ್ಚೆ ಗಂಟಾಯಿತು. ಅತ್ತೆ ಕುಷ್ಠವೆಂದು ತೀರ್ಮಾನಿಸಿ ನನ್ನ ತಟ್ಟೆಯನ್ನು ಹಿತ್ತಿಲ ಗೂಡಿನಲ್ಲಿಟ್ಟರು. ಮಗಳಿಗೆ ಮೊಲೆ ಬಿಡಿಸಿ ತಮ್ಮ ಹತ್ತಿರ ಮಲಗಿಸಿಕೊಂಡರು. ಆಗ ಹೊನ್ನಾಳಿಯ ಹತ್ತಿರ ನಮ್ಮ ಮನೆ, ಎಂಬತ್ತನೇ ಇಸವಿಯ ಆಸುಪಾಸು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಚೂರು ಚರ್ಮ ಕತ್ತರಿಸಿ ನೋಡಿದರು. ಚರ್ಮಕ್ಕೆ ಬರುವ ಕ್ಯಾನ್ಸರು, ಅಪರೂಪದ್ದು, ಅಂಟುವುದಿಲ್ಲ ಎಂದರು. ಯಂತ್ರದಿಂದ ಕಿರಣ ಬಿಡಬೇಕು. ನಮ್ಮಲ್ಲಿ ಅದಕ್ಕೆ ಕರೆಂಟ್ ಕೊಡುವುದು ಎನ್ನುತ್ತಾರೆ. ಜಾಗ ತಪ್ಪಬಾರದೆಂದು ಡಾಕ್ಟರು ಗಂಟಿನ ಸುತ್ತ ನೇರಳೆ ಮಸಿಯಲ್ಲಿ ಗೆರೆ ಎಳೆದರು.

"ಮುಗಿಯೋವರೆಗೂ ಇದು ಅಳಿಸಬಾರದಮ್ಮ. ಬೆನ್ನಿಗೆ ನೀರು ಹಾಕಬೇಡಿ."

ನಡುವೆ ಯುಗಾದಿ ಬಂತು, ಯಂತ್ರಕ್ಕೂ ರಜೆ. ಊರಿಗೆ ಹೋದೆ. ರೋಗ ಅಂಟುವುದಿಲ್ಲವೆಂದು ಗಂಡ ತಾಯಿಗೆ ಹೇಳಿದ್ದರು. ಅತ್ತೆ ಬೆಳಗ್ಗೆಯೇ ಹರಳೆಣ್ಣೆ ಬಟ್ಟಲು ಹಿಡಿದು ಬಂದರು.

"ಬಾರೇ, ಎಣ್ಣೆ ಹಚ್ತೀನಿ."

"ಬ್ಯಾಡ್ರಿ ಅತ್ತೆ, ಬೆನ್ನಾಗೆ ಗೆರೆ ಐತೆ."

"ಹಬ್ಬದ ದಿನ ಹಿಂಗೆ ಒಣತಲೆ ಇಟ್ಕೊಂಡು ಕೂರಾಕೆ ನಿನಗೇನು ಸೂತಕ ಹಿಡಿದೈತೇನು? ತಲೆಗಷ್ಟೇ ಹಾಕ್ತೀನಿ, ಬೆನ್ನು ಬಿಡ್ತೀನಿ."

ತಲೆಗೆ ಹಾಕಿದ ಎಣ್ಣೆ, ನೀರು ತಲೆಯಲ್ಲೇ ನಿಲ್ಲುತ್ತವೆಯೇ? ಸೀಗೆಪುಡಿಯ ಜೊತೆ ಗೆರೆಗಳೂ ಬಚ್ಚಲಿಗೆ ಹರಿದವು. ಅತ್ತೆಗೆ ಗಾಬರಿ. ಕಾಡಿಗೆ ತಂದು, ಉಳಿದ ಮಸುಕನ್ನು ನೋಡಿಕೊಂಡು ತಾವೇ ಬರೆದರು. ರಂಗೋಲಿ ಹಾಕುವ ಕೈ. ಡಾಕ್ಟರ ಸೊಟ್ಟ ಗೆರೆ ಅವರಿಗೆ ಹಿಡಿಸಲಿಲ್ಲ. ನಾಲ್ಕೂ ಕಡೆ ಸಮ ಮಾಡಿ ಚೌಕ ತೆಗೆದರು.

ಹಬ್ಬ ಮುಗಿಸಿ ಆಸ್ಪತ್ರೆಗೆ ಮರಳಿದಾಗ ಡಾಕ್ಟರು ನೋಡಿದವರೇ, "ಯಾರ್ರೀ ಇದನ್ನ ಬರೆದಿದ್ದು?" ಎಂದರು.

"ನಮ್ಮತ್ತೆ ರೀ."

"ನಿಮ್ಮತ್ತೆ ಗೆರೆ ನಂಬಿದ್ರೆ ಅರ್ಧ ಗಂಟು ಹೊರಗೇ ಉಳೀತಿತ್ತು, ಒಳ್ಳೇ ಚರ್ಮ ಸುಡ್ತಿತ್ತು."

ಕಾಡಿಗೆ ಒರೆಸಿ, ಮತ್ತೆ ಅಳೆದು ಬರೆದರು. ಅಲ್ಲಿಂದ ಮುಗಿಯುವವರೆಗೂ ನಾನು ಊರಿಗೆ ಹೋಗಲಿಲ್ಲ.

ಗಂಟು ಕರಗಿತು. ಆ ಜಾಗ ಸೀದ ರೊಟ್ಟಿಯ ಹಾಗೆ ಕಪ್ಪಾಗಿ ಉಳಿಯಿತು. ಮನೆಗೆ ಬಂದಾಗ ಅತ್ತೆ ಮೊದಲು ಕೇಳಿದ್ದು, "ನನ್ನ ಗೆರೆ ಸರಿ ಇತ್ತೇನೇ?"

"ಇಲ್ರಿ. ಡಾಕ್ಟ್ರು ಬೈದ್ರು."

"ಅವನ ಗೆರೆ ಭಾರೀ ನೆಟ್ಟಗಿತ್ತು, ಪಾಪ," ಎಂದು ಗೊಣಗಿದರು. ಹಿತ್ತಿಲ ಗೂಡಿನಿಂದ ನನ್ನ ತಟ್ಟೆ ತಂದು, ತೊಳೆದು, ಎಲ್ಲರ ತಟ್ಟೆಗಳ ಜೊತೆ ಇಟ್ಟರು. ಮಗಳನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದರು.

ಅದೇ ತೊಡೆಯಲ್ಲಿ ಹೊಸದೊಂದು ಮಚ್ಚೆ ಎದ್ದಿತ್ತು. ನಾನಿನ್ನೂ ಯಾರಿಗೂ ಹೇಳಿರಲಿಲ್ಲ. ಸೀರೆ ಎಳೆದುಕೊಂಡು ಮಗಳನ್ನು ಇನ್ನೊಂದು ತೊಡೆಗೆ ದಾಟಿಸಿದೆ.