ಕುಂಕುಮ ಹತ್ತಿದ ಕೇಬಲ್

ಮೊನ್ನೆ ಆಯುಧಪೂಜೆಗೆಂದು ಗ್ಯಾರೇಜಿನ ಹಳೆಯ ಟೂಲ್ ಬಾಕ್ಸ್ ತೆರೆದಾಗ ಗ್ರೀಸಿನ ಘಾಟಿನ ನಡುವೆ ಸಣ್ಣಗೆ ಗಂಧದ ವಾಸನೆ ಬಂತು. ಅಡಿಯಲ್ಲಿ ಸುತ್ತಿಟ್ಟ ಒಂದು ಕೇಬಲ್ಲು. ಅದರ ತುದಿಯ ತೂತುಗಳ ಅಂಚಿನಲ್ಲಿ ಇನ್ನೂ ಕುಂಕುಮದ ಕೆಂಪು. ಇಷ್ಟು ವರ್ಷವಾದ ಮೇಲೂ ಅದನ್ನು ಕಂಡಾಗ ನನಗೆ ಮೊದಲು ಬಂದದ್ದು ದುಃಖವಲ್ಲ, ಹೊಟ್ಟೆಕಿಚ್ಚು.

ಅದು ಮಹಡಿಮನೆ ಅಕ್ಕನ ಲ್ಯಾಪ್‌ಟಾಪಿನ ಕೇಬಲ್. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಚಾಮರಾಜಪೇಟೆಯ ನಮ್ಮ ಮನೆಯ ಮುಂಭಾಗವೇ ಗ್ಯಾರೇಜು, ಮಹಡಿಯಲ್ಲಿ ಅವರು ಬಾಡಿಗೆಗಿದ್ದರು. ನನಗಿಂತ ಚಿಕ್ಕವರೇ. ಆದರೆ ನನ್ನ ತಮ್ಮ ಅಕ್ಕಾ ಎನ್ನುತ್ತಿದ್ದುದರಿಂದ ನಮಗೆಲ್ಲ ಅಕ್ಕನಾದರು. ಎಂಜಿನ್ನಿಗೆ ಯಾವಾಗ ಎಷ್ಟು ಪೆಟ್ರೋಲ್ ಹೋಗಬೇಕೆಂದು ಹೇಳುವ ಎಲೆಕ್ಟ್ರಾನಿಕ್ ಡಬ್ಬ ತಯಾರಿಸುವ ಕಂಪನಿಯಲ್ಲಿ ಅವರಿಗೆ ಕೆಲಸ.

ತಮ್ಮನಿಗೆ ರೇಸಿನ ಹುಚ್ಚು. ಅವನ ಕಾರಿನ ಎಂಜಿನ್ ಸದ್ದನ್ನು ನಾನು ಕಿವಿಗೊಟ್ಟು ಕೇಳಿ, ಅದಕ್ಕೆ ಪೆಟ್ರೋಲ್ ಬಿಡುವ ಕಾರ್ಬ್ಯುರೇಟರನ್ನು ಸ್ಕ್ರೂಡ್ರೈವರ್ ತಿರುಗಿಸಿ ಹದಕ್ಕೆ ತರುತ್ತಿದ್ದೆ. ಟ್ರ್ಯಾಕಿನಲ್ಲಿ ಸುತ್ತು ಮುಗಿಸಿ ಬಂದವನು ಹೆಲ್ಮೆಟ್ ತೆಗೆಯುವ ಮುಂಚೆಯೇ ನನ್ನ ಕಡೆ ತಿರುಗಿ, "ಅಣ್ಣಾ, ಹೆಂಗಿತ್ತು?" ಎನ್ನುತ್ತಿದ್ದ. ಆ ಒಂದು ಮಾತಿಗಾಗಿಯೇ ನಾನು ಭಾನುವಾರಗಳನ್ನೆಲ್ಲ ಬಿಸಿಲಿನಲ್ಲಿ ಸುಟ್ಟುಕೊಂಡಿದ್ದೆ.

ಒಂದು ದಿನ ಅಕ್ಕ ಮೆಟ್ಟಿಲಿಳಿದು ಬಂದು ಎಂಜಿನ್ ನೋಡಿದರು. ಮುಂದಿನ ತಿಂಗಳು ನನ್ನ ಕಾರ್ಬ್ಯುರೇಟರ್ ಮೂಲೆಗೆ ಬಿತ್ತು, ಅದರ ಜಾಗಕ್ಕೆ ಆ ಡಬ್ಬ ಬಂತು. ಟ್ರ್ಯಾಕಿನಲ್ಲಿ ಅವರು ಮಡಿಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಕೇಬಲ್ಲಿನಿಂದ ಅದನ್ನು ಡಬ್ಬಕ್ಕೆ ಜೋಡಿಸಿ, ಬಿಸಿಲಿಗೆ ಸ್ಕ್ರೀನ್ ಕಾಣದೆ ದುಪಟ್ಟಾವನ್ನು ತಲೆಯ ಮೇಲೆ ಮುಸುಕಿನಂತೆ ಎಳೆದುಕೊಂಡು ಏನೋ ಅಂಕಿ ಬದಲಿಸುತ್ತಿದ್ದರು. ಕಾರು ಮೊದಲಿಗಿಂತ ಜೋರಾಗಿ ಓಡಿತು. ತಮ್ಮ ಬಂದವನೇ ಆ ಮುಸುಕಿನ ಕಡೆ ತಿರುಗಿ ಕೇಳಿದ, "ಅಕ್ಕಾ, ಹೆಂಗಿತ್ತು?"

ಹಿತ್ತಲ ಗಿಡ ಮದ್ದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನವಾಗಲಿಲ್ಲ. ಆ ವರ್ಷದ ಆಯುಧಪೂಜೆಯಲ್ಲಿ ಅಮ್ಮ ನನ್ನ ಸ್ಪ್ಯಾನರುಗಳನ್ನು ಸರಿಸಿ ನಟ್ಟನಡುವೆ ಲ್ಯಾಪ್‌ಟಾಪನ್ನೇ ಇಟ್ಟಳು. "ಪಾಪ, ಹೆಣ್ಣುಮಗು ದುಡಿಯೋ ಸಾಮಾನು" ಎಂದು ಅದಕ್ಕೂ, ಅದರ ಕೇಬಲ್ಲಿಗೂ ಧಾರಾಳವಾಗಿ ಗಂಧ ಕುಂಕುಮ ಬಳಿದಳು. ಹೆತ್ತತಾಯಿಯೂ ಆ ಪಕ್ಷ ಸೇರಿದಳಲ್ಲ ಎಂದು ಅಂದಿನ ಒಬ್ಬಟ್ಟೂ ನನಗೆ ರುಚಿಸಲಿಲ್ಲ.

ಮುಂದಿನ ರೇಸಿನ ದಿನ ಲ್ಯಾಪ್‌ಟಾಪ್ ಕಾರಿನ ಜೊತೆ ಮಾತೇ ಆಡಲಿಲ್ಲ. ಅಕ್ಕ ಕೇಬಲ್ ಕಿತ್ತು ಸಿಕ್ಕಿಸಿದರು, ಮತ್ತೆ ಕಿತ್ತು ಸಿಕ್ಕಿಸಿದರು, ಹಣೆಯಲ್ಲಿ ಬೆವರು. ಒಳಗೊಳಗೇ ನನಗಾದ ಖುಷಿ... ಹೇಳತೀರದು. ಆಗ ತಮ್ಮ, "ಅಣ್ಣಾ, ನೀನೊಂದ್ಸಲ ನೋಡು" ಎಂದ. ತುದಿ ತಿರುಗಿಸಿ ನೋಡಿದರೆ ತೂತುಗಳಲ್ಲಿ ಅಮ್ಮನ ಗಂಧ ಒಣಗಿ ಗಟ್ಟಿಯಾಗಿತ್ತು! ಕಾರ್ಬ್ಯುರೇಟರಿನ ಕಸ ಬಿಡಿಸುವ ಸಣ್ಣ ತಂತಿ ಜೇಬಿನಲ್ಲೇ ಇತ್ತು. ಒಂದೊಂದೇ ತೂತು ಕೆದಕಿ, ಊದಿ ಕೊಟ್ಟೆ.

ಕಾರು ಹಾರಿತು. ಆವತ್ತಿನಂಥ ಎಂಜಿನ್ ಸದ್ದು ನನ್ನ ಕೈಯಲ್ಲಿ ಯಾವತ್ತೂ ಬಂದಿರಲಿಲ್ಲ. ತಮ್ಮ ಬಂದು ಮಾಮೂಲಿನಂತೆ, "ಅಕ್ಕಾ, ಹೆಂಗಿತ್ತು?" ಎಂದ. ಮುಸುಕಿನೊಳಗಿಂದ ಉತ್ತರ ಬರಲಿಲ್ಲ, ಪ್ರಶ್ನೆ ಬಂತು.

"ಅಣ್ಣಾ, ನಿಮಗೆ ಹೆಂಗೆ ಕೇಳಿಸ್ತು?"

ನನ್ನನ್ನು ಕೇಳಿದ್ದು. ತಮ್ಮನೂ ನನ್ನ ಕಡೆ ತಿರುಗಿದ. ಬೇಕಾದದ್ದು ಸಿಕ್ಕಿತಲ್ಲ, ಖುಷಿಪಡಬೇಕಿತ್ತು. ಅದನ್ನೂ ಇವರೇ ಕೊಡಬೇಕಾಯಿತಲ್ಲ ಎಂದು ಇನ್ನಷ್ಟು ಉರಿಯಿತು. "ಪರವಾಗಿಲ್ಲ" ಎಂದೆ, ಅಷ್ಟೇ. ಆಮೇಲೆ ಪ್ರತಿ ಸಲವೂ ಕೇಳುತ್ತಿದ್ದರು. ಮನೆ ಖಾಲಿ ಮಾಡುವಾಗ ಕೇಬಲ್ ನನ್ನ ಕೈಗಿಟ್ಟು, "ಹೊಸ ಲ್ಯಾಪ್‌ಟಾಪಿಗೆ ಇದು ಕೂರಲ್ಲ, ನೀವೇ ಇಟ್ಕೊಳ್ಳಿ" ಎಂದರು.

ಅಕ್ಕ ಹೋದ ವರ್ಷ ತೀರಿಕೊಂಡರು. ಅವರ ಮನೆ ಮುಂದೆ ತಮ್ಮ ಮಗುವಿನಂತೆ ಅತ್ತ. ನಾನು ಸತ್ತರೆ ಇವನು ಇಷ್ಟು ಅಳುತ್ತಾನೆಯೇ ಎಂದು ಅಲ್ಲೂ ಯೋಚಿಸಿದವನು ನಾನು. ಈಗ ಗ್ಯಾರೇಜಿಗೆ ಬರುವ ಕಾರುಗಳಿಗೆಲ್ಲ ನಾನೇ ಲ್ಯಾಪ್‌ಟಾಪ್ ಚುಚ್ಚುತ್ತೇನೆ. ಸ್ಕ್ರೀನು ಎಲ್ಲವನ್ನೂ ಹೇಳುತ್ತದೆ. ನನಗೆ ಹೇಗೆ ಕೇಳಿಸಿತೆಂದು ಯಾರೂ ಕೇಳುವುದಿಲ್ಲ...

ಪೂಜೆಗೆ ಬಂದಿದ್ದ ತಮ್ಮ ನನ್ನ ಕೈಯಲ್ಲಿದ್ದುದನ್ನು ನೋಡಿದ.

"ಅಣ್ಣಾ, ಅದು ಅಕ್ಕಂದಲ್ವಾ? ನಂಗೆ ಕೊಡು."

"ಕೊಡಲ್ಲ ಹೋಗೋ."

"ನಿಂಗ್ಯಾಕೆ ಅದು? ನಿಂಗೆ ಅವರನ್ನ ಕಂಡ್ರೇ ಆಗ್ತಿರ್ಲಿಲ್ಲ!"

ನಾನು ಸ್ಪ್ಯಾನರುಗಳನ್ನು ಸರಿಸಿ ಕೇಬಲ್ಲನ್ನು ನಟ್ಟನಡುವೆ ಇಟ್ಟೆ. ಗಂಧ ಕುಂಕುಮವನ್ನು ನಾನೇ ಹಚ್ಚಿದೆ, ತೂತುಗಳಿಗೆ ತಾಗದಂತೆ.