ಬಾಯಿ ಹೊಲಿದ ಕಿಸೆ

ಸೊಸೆ ತಂದ ಹೊಸ ಅಂಗಿಗೆ ಎದೆಯ ಮೇಲೊಂದು ಕಿಸೆ. ನಗಬೇಡಿ, ಇಷ್ಟು ವರ್ಷ ಕಿಸೆಯಿಲ್ಲದ ಅಂಗಿಯನ್ನೇ ಹೊಲಿಸಿಕೊಂಡವನು ನಾನು. ಬೆಳಿಗ್ಗೆ ತಲೆ ಸಿಡಿಯುತ್ತಿತ್ತು. ಪಕ್ಕದ ಮನೆಯವರು ಕೊಟ್ಟ ಗುಳಿಗೆ, ಮೂರು ನುಂಗಿದ ಮೇಲೆ ಈ ವಾರದ ನಾಲ್ಕನೆಯದು, ಅದೇ ಕಿಸೆಗೆ ಇಳಿಯಿತು. ಬೇಕಾದರೆ ಇರಲಿ ಅಂದುಕೊಂಡೆ.

ಈ 'ಇರಲಿ' ನನಗೆ ಹಳೆಯ ಪರಿಚಯ. ಐವತ್ತರ ದಶಕದ ಕೊನೆಗೆ ಕನ್ನೊಳ್ಳಿಯಲ್ಲಿ ಮಾಸ್ತರನಾಗಿದ್ದಾಗ ನನ್ನ ಕಿಸೆಯಲ್ಲಿ ಹಲಗೆಯ ಮೇಲೆ ಬರೆಯುವ ಖಡುವಿನ ತುಂಡು, ಜೊತೆಗೆ ತಲೆನೋವಿನ ಗುಳಿಗೆ. ಮೊದಲು ನೋವು ಬಂದಾಗ ಒಂದು. ಆಮೇಲೆ ಬಂದೀತೆಂದು ಒಂದು. ಕಡೆಗೆ ಚಹಾದ ಜೊತೆ ಸುಮ್ಮನೆ ಒಂದು. ನೋವು ಮಾತ್ರ ದಿನಾ ಹಾಜರಿ ಹಾಕುತ್ತಿತ್ತು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಬೇರೆ. ಹಿಂದಿನ ಸಾಲಿನವರು ಮಗ್ಗಿ ತಪ್ಪಿದರೂ ತಿಳಿಯದಾಯಿತು. ಸಿಂದಗಿಯ ಡಾಕ್ಟರು ನೇರವಾಗಿ ಹೇಳಿದರು: "ಮಾಸ್ತರ, ಈಗ ಈ ಗುಳಿಗೀನ ನಿಮ್ಮ ತಲಿ ನೋಯಿಸಾಕತ್ತೈತಿ. ಬಿಡ್ರಿ. ಇಲ್ಲಾಂದ್ರ ಕಿವಿ ಹೋದೀತು." ಕಿವಿ ಹೋದರೆ ಮಾಸ್ತರಿಕೆಯೂ ಹೋದಂತೆ. ಹೆದರಿದೆ. ಹೆದರಿಕೆಗೆ ತಲೆ ನೋಯಿತು. ಗುಳಿಗೆ ನುಂಗಿದೆ.

ನಾನು ಬಾಡಿಗೆಗಿದ್ದ ಮನೆಯೊಡತಿ ಹುಸೇನಬಿ, ಊರಿಗೆಲ್ಲ ಬಟ್ಟೆ ಹೊಲಿಯುವವರು. ಒಂದು ಸಂಜೆ ನನ್ನ ಹರಿದ ತೋಳು ಹೊಲಿಯಲು ಅಂಗಿ ಕೊಡವಿದವರು ಕೇಳಿದರು: "ಮಾಸ್ತರ, ಗುಳಿಗಿ ಇಲ್ಲೇ ಐತಲ್ರಿ. ಖಡು ಎಲ್ಲೈತ್ರಿ?"

ಮಧ್ಯಾಹ್ನ ಪಾಠದ ನಡುವೆ ಕಿಸೆಯಲ್ಲಿ ಕೈಗೆ ಸಿಕ್ಕಿದ್ದನ್ನು ನೋಡದೆ ಬಾಯಿಗೆ ಹಾಕಿಕೊಂಡು ನೀರು ಕುಡಿದದ್ದು ನೆನಪಾಯಿತು. ನಾಚಿಕೆಗೇಡೆಂದರೆ, ಅದಕ್ಕೇ ತಲೆ ಹಗುರಾಗಿತ್ತು ಕೂಡ.

ಇಬ್ಬರೂ ನಕ್ಕು ಸಾಕಾದ ಮೇಲೆ ನಾನೇ ಹೇಳಿದೆ: "ಅವ್ವಾ, ಈ ಕಿಸೆ ಹೊಲಿದುಬಿಡ್ರಿ. ನಾ ಬೇಡಿದ್ರೂ ಬಿಚ್ಚಬ್ಯಾಡ್ರಿ."

"ಗುಳಿಗಿ ಒಳಗ ಇರ್ಲಿ ತಗೋರಿ. ಐತಿ ಅಂತ ಗೊತ್ತಿದ್ರ ಧೈರ್ಯ ಇರ್ತೈತಿ," ಎಂದು ಕಿಸೆಯ ಬಾಯಿ ಹೊಲಿದರು. ಉಳಿದ ಗುಳಿಗೆಗಳನ್ನು ನಾನೇ ಒಲೆಗೆ ಹಾಕಿದೆ.

ಮೂರನೆಯ ದಿನ, ತಲೆಗೆ ಬಟ್ಟೆ ಬಿಗಿದುಕೊಂಡು, ವಾಂತಿ ಮಾಡಿಕೊಂಡು, ಅವರ ಕತ್ತರಿಗೆ ಕೈಚಾಚಿದೆ. ಅವರು ಅದರ ಮೇಲೇ ಕೂತುಬಿಟ್ಟರು. "ಆಗೂದಿಲ್ರಿ. ನೀವ ಹೇಳೀರಿ." ಮೂವತ್ತು ದಾಟಿದ ಗಂಡಸು ಅವರೆದುರು ಅತ್ತೆ. ಅತ್ತು, ಎದ್ದು ಶಾಲೆಗೆ ಹೋದೆ.

ಹದಿನೈದು ದಿನ ಕಳೆದಿರಬೇಕು. ಹಿಂದಿನ ಸಾಲಿನಿಂದ ಯಾರೋ "ಏಳೆಂಟ್ಲೆ ಐವತ್ನಾಲ್ಕು" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಆ ತಪ್ಪಿನಷ್ಟು ಸಂತೋಷ ನನಗೆ ಯಾವ ಸರಿಯುತ್ತರವೂ ಕೊಟ್ಟಿಲ್ಲ.

ಈಗ ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಬೇಕಾಯಿತು. ತಲೆ ಇನ್ನೂ ನೋಯುತ್ತಿದೆ. ನೋಯಲಿ. ಗುಳಿಗೆಯನ್ನು ಒಳಗೇ ಬಿಟ್ಟು ಕಿಸೆ ಹೊಲಿಯುತ್ತಿದ್ದೇನೆ.

ಸೊಸೆ ಬಂದು ನಿಂತಳು. "ಮಾವಾರ, ಹೊಸಾ ಅಂಗಿಗೆ ಏನ್ ಮಾಡಾಕತ್ತೀರಿ?"

ಅವಳು ಅಡುಗೆಮನೆಯಿಂದಲೇ ಎರಡು ಸಲ ಕೂಗಿದ್ದಳಂತೆ. ನನಗೆ ಕೇಳಿಸಿರಲಿಲ್ಲ. ಇನ್ನೊಂದು ಸುತ್ತು ದಾರ ಎಳೆದು ಗಂಟು ಹಾಕಿದೆ.